ಚಾಲಗೇಣಿಯ ಚಂದ್ರ

ಮಾತಿನಲ್ಲಿ ನನ್ನನ್ನು ಸೋಲಿಸಿದವರು ನೇತ್ರಾವತಿಯ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಒಮ್ಮೆ ತೊಕ್ಕೊಟ್ಟಿನಲ್ಲಿ ತಾಳಮದ್ದಳೆ ಇತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುವುದು, ನಾವು ಅರ್ಥಧಾರಿಗಳು ಸಾಲಾಗಿ ಕೂತು ನಮ್ಮ ನಮ್ಮ ಪಾತ್ರವಾಗಿ ವಾದ ಮಾಡುವುದು. ನಾನು ಸಂಧಾನಕ್ಕೆ ಹೋದ ದೂತ. ಎದುರಿನ ರಾಜ ರಾಜ್ಯ ಕೊಡುವುದಿಲ್ಲ ಅನ್ನಬೇಕು, ಯುದ್ಧ ಆಗಬೇಕು, ಪ್ರಸಂಗ ಇರುವುದೇ ಹಾಗೆ. ನನ್ನ ಮಾತಿನ ಹೊಡೆತಕ್ಕೆ ಆ ರಾಜ, ಜವಳಿ ಅಂಗಡಿಯ ಮನುಷ್ಯ, ಕಣ್ಣೊರೆಸಿಕೊಂಡು ಅರ್ಧ ರಾಜ್ಯ ಕೊಟ್ಟೇ ಬಿಟ್ಟ. ಮತ್ತೆ ಯಾವ ಮುಖ ಇಟ್ಟುಕೊಂಡು ಯುದ್ಧ ಮಾಡುವುದು? ಭಾಗವತರು ಅಲ್ಲಿಗೇ ಮಂಗಳ ಹಾಡಿದರು. ಆ ಯುದ್ಧದಲ್ಲಿ ಸಾಯಲಿಕ್ಕೆ ತಯಾರಾಗಿ ಬಂದಿದ್ದ ಮೂವರು ಅರ್ಥಧಾರಿಗಳು ಬದುಕಿಕೊಂಡು ಮನೆಗೆ ಹೋದರು. ಈಗಲೂ ದಾರಿಯಲ್ಲಿ ಸಿಕ್ಕಿದರೆ ನನಗೆ ಕೈ ಮುಗಿಯುತ್ತಾರೆ.

ನನ್ನ ತೂಕ ಎಷ್ಟು ಅಂತ ಗೊತ್ತಿರಲಿ ಎಂದು ಇಷ್ಟು ಹೇಳಿದೆ. ಬರೆಯಲು ಕೂತದ್ದು ಬೋಳಾರದ ಕುಶಲಕ್ಕನ ಬಗ್ಗೆ.

ಕುಶಲಕ್ಕ ನನಗಿಂತ ಎಷ್ಟೋ ಚಿಕ್ಕವಳು. ಆದರೆ ಊರಿಗೆಲ್ಲ ಅಕ್ಕ, ಆದ್ದರಿಂದ ನನಗೂ ಅಕ್ಕ. ಮಂಗಳಾದೇವಿಗೆ ಹೋಗುವ ರಸ್ತೆಯಲ್ಲಿ, ಹೆಂಚಿನ ಮಾಡಿನ ಒಂದು ಉದ್ದ ಕೋಣೆಯಲ್ಲಿ ಅವಳ ಸರ್ಕ್ಯುಲೇಟಿಂಗ್ ಲೈಬ್ರೆರಿ. ಮನೆತನ ಬಂಟರದ್ದು, ಗುರುಪುರದ ಕಡೆ ಗದ್ದೆ ಇದ್ದವರು. ಉಳುವವನಿಗೇ ಭೂಮಿ ಎಂಬ ಎಪ್ಪತ್ತನಾಲ್ಕರ ಕಾನೂನು ಬಂತು, ಒಕ್ಕಲುಗಳು ಗದ್ದೆ ನಮ್ಮದೆಂದು ಟ್ರಿಬ್ಯೂನಲಿಗೆ ಡಿಕ್ಲರೇಶನ್ ಕೊಟ್ಟರು, ಗದ್ದೆ ಅವರದ್ದಾಯಿತು. ಅಣ್ಣ ತಾರಾನಾಥ ಬೊಂಬಾಯಿಯ ಹೋಟೆಲಿಗೆ ಹೋದ. ತಂಗಿ ಅಟ್ಟದಲ್ಲಿದ್ದ ಪುಸ್ತಕದ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬೋಳಾರಕ್ಕೆ ಬಂದಳು. ಎಪ್ಪತ್ತೇಳರಲ್ಲಿ ಶುರುವಾದ ಲೈಬ್ರೆರಿ ಎಂಬತ್ತು ಆಗುವಷ್ಟರಲ್ಲಿ ಎಷ್ಟು ಬೆಳೆಯಿತೆಂದರೆ, ಆ ರಸ್ತೆಯಲ್ಲಿ ಅಕ್ಷರ ಬಲ್ಲ ದನ ಒಂದಿದ್ದಿದ್ದರೆ ಅದೂ ಅಲ್ಲಿ ಮೆಂಬರು. ವಾಪಸು ಬಂದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಇದನ್ನು ನೀವು ಓದಿದ್ದಲ್ಲ, ನಿಮ್ಮ ಅತ್ತಿಗೆ ಓದಿದ್ದು. ಮೀನು ಹುರಿಯುವಾಗ ಓದಿದ್ದು. ಬಂಗುಡೆ" ಎಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದು ನಾನು ನೋಡಿಲ್ಲ.

ಎಂಬತ್ತಮೂರರಲ್ಲಿ, ಮಳೆಗಾಲಕ್ಕೆ ಸ್ವಲ್ಪ ಮೊದಲು, ಅಹ್ಮದ್ ಬಾವ, ನಮಗೆಲ್ಲ ಬಾವಾಕ, ಅಲ್ಲಿಗೆ ಒಂದು ಪೆಟ್ಟಿಗೆ ತಂದರು. ಬಾವಾಕನ ಮನೆ ಬೆಂಗ್ರೆಯಲ್ಲಿ. ದಿನಾ ದೋಣಿಯಲ್ಲಿ ಹೊಳೆ ದಾಟಿ ಬಂದು ಬಂದರಿನಲ್ಲಿ ಫಾರಿನ್ ಸಾಮಾನಿನ ಅಂಗಡಿ ತೆರೆಯುವವರು. ಅವರ ತಮ್ಮ ಇದಿನಬ್ಬ ದುಬಾಯಿಯಲ್ಲಿ ಆಟದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ.

"ಕುಶಲಕ್ಕ, ಇದು ಎಂತ ಅಂತ ನೋಡಿ" ಅಂದರು ಬಾವಾಕ. "ಲೂಡೋ ಅಂತ ಕಳಿಸಿದ್ದಾನೆ. ಒಳಗೆ ಬೋರ್ಡೇ ಇಲ್ಲ. ಇವನಿಗೆ ಯಾರೋ ಟೊಪ್ಪಿ ಹಾಕಿದ್ದಾರೆ."

ಮುಚ್ಚಳದ ಮೇಲೆ ತುಕ್ಕು ಬಣ್ಣದ ಒಂದು ಚಂದ್ರ, ಅದರ ಸುತ್ತ ಆಕಾಶದ ಹಡಗುಗಳು, ಮುಂದೆ ದವಡೆ ಗಟ್ಟಿಯಿದ್ದ ಒಬ್ಬ ಸಿನೆಮಾ ಹೀರೋನ ಫೋಟೋ. ಹೆಸರು ‘ಐರನ್ ಮೂನ್’. ಅದೇ ಹೆಸರಿನ ಇಂಗ್ಲಿಷ್ ಸಿನೆಮಾದಿಂದ ಮಾಡಿದ ಆಟವಂತೆ. ಸಿನೆಮಾ ಮಂಗಳೂರಿನ ಯಾವ ಟಾಕೀಸಿಗೂ ಬಂದಿರಲಿಲ್ಲ. ಒಳಗೆ ಎರಡು ಪುಸ್ತಕ, ಒಂದು ಚೀಲ ದಾಳ. ದಾಳ ಅಂದರೆ ನಮ್ಮ ಆರು ಮುಖದ ಪಾಪದ ದಾಳ ಅಲ್ಲ. ನಾಲ್ಕು ಮುಖದ್ದುಂಟು, ಎಂಟು ಮುಖದ್ದುಂಟು, ಒಂದಕ್ಕಂತೂ ಇಪ್ಪತ್ತು ಮುಖ. ಅದು ಉರುಳಲಿಕ್ಕೆ ಶುರು ಮಾಡಿದರೆ ನಿಲ್ಲುವುದರೊಳಗೆ ಒಂದು ಚಾ ಕುಡಿದು ಬರಬಹುದು.

ಮತ್ತೆ ಎರಡು ದಿನ ಲೈಬ್ರೆರಿಯ ಬಾಗಿಲು ತೆರೆದಿತ್ತು, ಕುರ್ಚಿಯಲ್ಲಿ ಕುಶಲಕ್ಕ ಕೂತಿದ್ದಳು, ಆದರೆ ಇರಲಿಲ್ಲ. ಮೂರನೆಯ ದಿನ ನಾನು ಹೋದಾಗ ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ಗುರುವಪ್ಪಣ್ಣ, ಇದು ತಾಳಮದ್ದಳೆ."

"ಯಾವುದು?"

"ಈ ಆಟ. ಒಬ್ಬರು ಭಾಗವತರ ಹಾಗೆ ಕಥೆ ನಡೆಸುವುದು. ಉಳಿದವರಿಗೆ ಒಂದೊಂದು ಪಾತ್ರ. ಎಂತ ಮಾತಾಡ್ಬೇಕು ಅಂತ ಪುಸ್ತಕದಲ್ಲಿಲ್ಲ, ನಾವೇ ಆಡುವುದು. ಅಮೆರಿಕದವರು ಈಗ ಹತ್ತು ವರ್ಷದ ಹಿಂದೆ ಕಂಡುಹಿಡಿದದ್ದಂತೆ."

"ನಮ್ಮ ಅಜ್ಜಂದಿರು ಕಂಡುಹಿಡಿದದ್ದನ್ನಾ?"

"ಅಜ್ಜಂದಿರಿಗೆ ದಾಳ ಹೊಳೀಲಿಲ್ಲ. ಆದಿತ್ಯವಾರ ಮೂರು ಗಂಟೆಗೆ ಬನ್ನಿ. ಬಾವಾಕನಿಗೂ ಹೇಳಿದ್ದೇನೆ, ಶಶಿಪ್ರಭಾ ಟೀಚರಿಗೂ ಹೇಳಿದ್ದೇನೆ."

ಶಶಿಪ್ರಭಾ ಟೀಚರ್ ಅಂದರೆ ಪಕ್ಕದ ಟೈಪಿಂಗ್ ಇನ್‌ಸ್ಟಿಟ್ಯೂಟಿನವರು. ಹೀಗೆ ನಾವು ನಾಲ್ಕು ಜನ ಹಿಂದಿನ ಮೇಜಿನ ಸುತ್ತ ಕೂತೆವು. ಕುಶಲಕ್ಕ ಭಾಗವತಳು. ಬಾವಾಕ ಕಳ್ಳಸಾಗಣೆಯ ಹಡಗಿನ ಡ್ರೈವರ್. ಕಸ್ಟಮ್ಸಿನವರ ಹತ್ತಿರ ಮಾತಾಡುವ ಜಾಗ ಬಂದರೆ ಅವರನ್ನು ಹಿಡಿಯುವವರಿಲ್ಲ. ಅದು ಅನುಭವ ಅಂತ ನಾನು ಹೇಳುವುದಿಲ್ಲ, ನನಗೆ ಇನ್ನೂ ಅವರ ಅಂಗಡಿಯ ಸೆಂಟ್ ಬೇಕು. ಶಶಿಪ್ರಭಾ ಟೀಚರ್ ಯಂತ್ರಮಾನವ. ಟೈಪ್ ಮಾಡಿದ ಹಾಗೆ ಮಾತಾಡುತ್ತಿದ್ದರು, ಸಾಲು ಮುಗಿದಾಗ ಟಣ್ ಅನ್ನುವುದೊಂದು ಬಾಕಿ. ನಾನು ಆ ಗಟ್ಟಿ ದವಡೆಯ ಕ್ಯಾಪ್ಟನ್. ಮತ್ತೆ ಯಾರು ಆಗಬೇಕು?

ಮೊದಲ ಬಾಗಿಲಲ್ಲಿ ಒಬ್ಬ ಕಾವಲುಗಾರ. ನಾನು ಅವನಿಗೆ ಧರ್ಮ ಹೇಳಿದೆ, ನೀತಿ ಹೇಳಿದೆ, ಅವನ ತಾಯಿಯ ಕಣ್ಣೀರನ್ನು ವರ್ಣಿಸಿದೆ. ಬಾವಾಕ ಆ ತಾಯಿಗೆ ಎಂತಾದರೂ ಕೊಡುವ ಅಂತ ಕಿಸೆಗೆ ಕೈ ಹಾಕಿದರು. ಕುಶಲಕ್ಕ ಎಲ್ಲ ಕೇಳಿ, "ಆಯ್ತು, ಈಗ ದಾಳ ಹಾಕಿ" ಅಂದಳು. ಇಪ್ಪತ್ತು ಮುಖ ಇದ್ದೂ ಆ ದಾಳ ನನಗೆ ತೋರಿಸಿದ್ದು ಒಂದು. ಕಾವಲುಗಾರ ಗುಂಡು ಹೊಡೆದ. ಯಾವ ಮುಖ ನೋಡಿ ಜಗತ್ತೆಲ್ಲ ಆ ಪೆಟ್ಟಿಗೆ ಕೊಂಡಿತೋ ಆ ಕ್ಯಾಪ್ಟನ್, ಬೋಳಾರದಲ್ಲಿ ಚಾ ಬರುವ ಮೊದಲೇ ಸತ್ತ.

"ಇಷ್ಟು ಮಾತಾಡಿದ ಮೇಲೂ?" ಅಂದೆ.

"ದಾಳಕ್ಕೆ ಕಿವಿ ಇಲ್ಲ ಗುರುವಪ್ಪಣ್ಣ."

"ಹಾಗಾದರೆ ಈ ಆಟಕ್ಕೆ ಮರ್ಯಾದೆಯೂ ಇಲ್ಲ."

ಅವಳು ಸ್ವಲ್ಪ ಯೋಚನೆ ಮಾಡಿದಳು. ಬೇರೆ ಯಾವ ದೇಶದವರೂ ಮಾಡದ ಒಂದು ತಪ್ಪನ್ನು ನಾವು ಮಾಡಿದ್ದು ಆಗಲೇ. ಮೊದಲು ವಾದ, ಇಬ್ಬರಲ್ಲಿ ಒಬ್ಬರು ಒಪ್ಪಿದರೆ ಅಲ್ಲಿಗೆ ಮುಗಿಯಿತು, ಒಪ್ಪದಿದ್ದರೆ ಮಾತ್ರ ದಾಳ ಎಂದು ಅವಳು ನಿಯಮ ತಿದ್ದಿದಳು. ಅಮೆರಿಕದಲ್ಲಿ ಇದು ನಡೆಯಬಹುದು. ಮಂಗಳೂರಿನಲ್ಲಿ ವಾದ ಮುಗಿದರೆ ತಾನೆ ದಾಳದ ಸರದಿ ಬರುವುದು? ಒಂದು ಬಾಗಿಲು ದಾಟಲು ಒಂದು ಆದಿತ್ಯವಾರ. ಒಂದು ಬಾಹ್ಯಾಕಾಶದ ಹಡಗು ನಿಲ್ಲಿಸಲು ಜಾಗ ಯಾರದ್ದು ಎಂದು ಬಾವಾಕ ಮತ್ತು ನಾನು (ನಾನು ಈಗ ಸತ್ತ ಕ್ಯಾಪ್ಟನನ ಸೋದರಮಾವ) ಮಳೆ ಬಿಡದ ಆಟಿ ತಿಂಗಳಿಡೀ ಮಾತಾಡಿದೆವು. ಹಡಗು ಅಷ್ಟೂ ದಿನ ಆಕಾಶದಲ್ಲಿ ನಿಂತಿತ್ತು, ಅದರ ಪೆಟ್ರೋಲನ್ನು ಯಾರೂ ಕೇಳಲಿಲ್ಲ.

ತಾಳಮದ್ದಳೆ ಅಂದ ಮೇಲೆ ಕೇಳುವವರು ಬಂದೇ ಬರುತ್ತಾರೆ. ಮೊದಲು ಕಿಟಕಿಯ ಹೊರಗೆ ನಿಂತರು, ಮತ್ತೆ ಒಳಗೆ ಬೆಂಚಿನಲ್ಲಿ ಕೂತರು. ಕುಶಲಕ್ಕ ಒಂದು ಮಾತು ಹೇಳಿದಳು: ಕೂರಬಹುದು, ಆದರೆ ಲೈಬ್ರೆರಿಗೆ ಮೆಂಬರಾಗಬೇಕು.

ಪೆಟ್ಟಿಗೆಯಲ್ಲಿ ಇದ್ದದ್ದು ಬರೇ ಆಟದ ಕ್ರಮ ಮತ್ತು ಸಣ್ಣದೊಂದು ಕಥೆ. ಮುಂದಿನ ಕಥೆ ಬೇಕಾದರೆ ಪುರವಣಿ ಕೊಳ್ಳಬೇಕು. ಪತ್ರಿಕೆಯ ಆದಿತ್ಯವಾರದ ಪುರವಣಿಯ ಹಾಗೆ ಪುಕ್ಕಟೆ ಅಲ್ಲ, ಬೇರೆಯೇ ಪುಸ್ತಕ, ಬೇರೆಯೇ ಕ್ರಯ. ಮೊದಲನೆಯದನ್ನು ಇದಿನಬ್ಬ ಎಂಬತ್ತನಾಲ್ಕರಲ್ಲಿ ರಜೆಗೆ ಬಂದಾಗ ತಂದ. ತಗಡಿನ ಹಾಳೆಯಷ್ಟು ತೆಳ್ಳಗೆ ಇತ್ತು, ಕ್ರಯ ಕೋಣೆಯ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ.

"ಇಷ್ಟು ಯಾಕೆ ಮಾರಾಯ?" ಅಂದಳು ಕುಶಲಕ್ಕ. "ಇದರಲ್ಲಿ ಇರುವುದು ಅರುವತ್ತು ಪುಟ."

"ಪುಟಕ್ಕಲ್ಲ ಕುಶಲಕ್ಕ, ಹೆಸರಿಗೆ" ಅಂದ ಇದಿನಬ್ಬ. "ಆಟದ ಕಂಪೆನಿಗೆ ಆ ಚಂದ್ರ ಸ್ವಂತ ಅಲ್ಲ. ಸಿನೆಮಾ ಕಂಪೆನಿಯದ್ದು. ಅವರು ಲೈಸೆನ್ಸ್ ಕೊಟ್ಟಿದ್ದಾರೆ, ಇಷ್ಟು ವರ್ಷ ಅಂತ. ಇವರು ಒಂದೊಂದು ಪುಸ್ತಕಕ್ಕೂ ಅವರಿಗೆ ಪಾಲು ಕೊಡ್ಬೇಕು. ಅವರಿಗೆ ಬೇಡ ಅಂತ ಕಂಡ ದಿವಸ ಮುಗೀತು, ಮತ್ತೆ ಒಂದು ಅಕ್ಷರ ಅಚ್ಚು ಹಾಕ್ಲಿಕ್ಕಿಲ್ಲ."

ಕುಶಲಕ್ಕ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದಳು. "ಹಾಗೆ ಹೇಳು. ಚಾಲಗೇಣಿ."

ಚಾಲಗೇಣಿ ಅಂದರೆ ನಮ್ಮ ಜಿಲ್ಲೆಯಲ್ಲಿ ಗೇಣಿಯ ಒಂದು ಜಾತಿ. ಧಣಿ ಇರು ಅಂದಷ್ಟು ವರ್ಷ ಒಕ್ಕಲು ಗದ್ದೆ ಮಾಡುವುದು, ಏಳು ಅಂದರೆ ಎದ್ದು ಹೋಗುವುದು. ಇದಿನಬ್ಬ ದುಬಾಯಿಯ ಅಂಗಡಿಯಲ್ಲಿ ಎರಡು ವರ್ಷ ನಿಂತು ತಿಳಿದುಕೊಂಡದ್ದನ್ನು ಅವಳು ಬೋಳಾರದ ಕುರ್ಚಿಯಲ್ಲಿ ಕೂತು ಒಂದು ಶಬ್ದದಲ್ಲಿ ಮುಗಿಸಿದಳು.

"ನೀವು ಒಂದು ಪುಸ್ತಕ ಎಷ್ಟು ದಿವಸ ಆಡ್ತೀರಿ?" ಎಂದು ಇದಿನಬ್ಬ ಕೇಳಿದ.

"ಬರುವ ವರ್ಷದವರೆಗೆ ಬರ್ಬಹುದು."

ಅವನು ಅಣ್ಣನ ಮುಖ ನೋಡಿದ. "ಅಲ್ಲಿ ಬ್ರಿಟಿಷರ ಮಕ್ಕಳು ಶುಕ್ರವಾರ ಕೊಂಡುಹೋಗ್ತಾರೆ, ಬುಧವಾರ ಬಂದು ಮುಂದಿನದ್ದು ಉಂಟಾ ಅಂತ ಕೇಳ್ತಾರೆ. ಕಂಪೆನಿ ಬದುಕುವುದು ಅದರಿಂದ. ನಿಮ್ಮ ಹಾಗೆ ಎಲ್ಲರೂ ಆಡಿದ್ರೆ ಅವರು ಬಾಗಿಲು ಹಾಕ್ಬೇಕು."

ಅವನ ನಾಲಗೆಯಲ್ಲಿ ಮಚ್ಚೆ ಇತ್ತೋ ಏನೋ ಗೊತ್ತಿಲ್ಲ.

ಎಂಬತ್ತೈದರಲ್ಲಿ ಎರಡನೆಯ ಪುರವಣಿ ಬಂತು. ಕ್ರಯ ಇನ್ನೂ ಮೇಲೆ, ಪುಟ ಇನ್ನೂ ಕಡಿಮೆ, ಹೀರೋನ ಫೋಟೋ ಮಾತ್ರ ದೊಡ್ಡದು. ಅದೇ ವರ್ಷ ಮಂಗಳೂರಿಗೆ ವಿಡಿಯೋದ ಜ್ವರವೂ ಹತ್ತಿತು. ಹಂಪನಕಟ್ಟೆಯಲ್ಲಿ ಕಲ್ಲು ಬಿಸಾಡಿದರೆ ಒಂದು ಕ್ಯಾಸೆಟ್ ಅಂಗಡಿಗೆ ತಾಗುವುದು, ಅಲ್ಲಿಂದ ಹಾರಿ ಇನ್ನೊಂದಕ್ಕೆ ತಾಗುವುದು. ಕಾದಂಬರಿ ಓದುತ್ತಿದ್ದ ಹೆಂಗಸರು ವಿಸಿಆರ್ ಬಾಡಿಗೆಗೆ ತಂದರು, ಪತ್ತೇದಾರಿ ಓದುತ್ತಿದ್ದ ಗಂಡಸರು ಅದರ ಮುಂದೆ ಕೂತರು. ಲೈಬ್ರೆರಿಯ ಕಪಾಟಿನಲ್ಲಿ ಪುಸ್ತಕಗಳು ಮದುವೆಗೆ ಕರೆಯದ ನೆಂಟರ ಹಾಗೆ ಸಾಲಾಗಿ ನಿಂತವು.

ಕಟ್ಟಡದ ಯಜಮಾನ ಸುಂದರಣ್ಣ ಒಂದು ಸಂಜೆ ಬಂದರು. ಕೆಟ್ಟವರಲ್ಲ, ಬಸ್ಸಿನ ಟಿಕೇಟು ಬಿಟ್ಟು ಬೇರೆ ಏನನ್ನೂ ಓದಿದವರಲ್ಲ, ಅಷ್ಟೆ.

"ಕುಶಲಾ, ವಿಡಿಯೋದವರು ಬಂದಿದ್ದರು. ನೀನು ಕೊಡುವುದರ ಮೂರು ಪಟ್ಟು ಕೊಡ್ತಾರಂತೆ. ಅಡ್ವಾನ್ಸು ಬೇರೆ."

"ನನಗೆ ಬೇರೆ ಕೋಣೆ ಇಲ್ಲ ಸುಂದರಣ್ಣ."

"ಅದು ಗೊತ್ತುಂಟು. ಓದುವವರೇ ಇಲ್ಲ, ನೀನು ಎಂತ ಮಾಡ್ತಿ ಹೇಳು?"

"ಆದಿತ್ಯವಾರ ಬಂದು ನೋಡಿ."

ಬಂದರು. ಕೂರಲಿಕ್ಕೆ ಜಾಗ ಸಿಗದೆ ಕಿಟಕಿಯ ದಂಡೆಯಲ್ಲಿ ಕೂತರು. ಎರಡನೆಯ ಪುರವಣಿಯ ಕೊನೆಯ ಪುಟ ನಡೆಯುತ್ತಿತ್ತು: ಚಂದ್ರನಲ್ಲಿ ಗಣಿ ಅಗೆಯುವ ಜನರನ್ನು ಚಕ್ರವರ್ತಿಯ ಹಡಗುಗಳು ಸುತ್ತುಹಾಕಿವೆ. ಚಂದ್ರ ಯಾರ ಪಾಲಾಗುತ್ತದೆ? ಉತ್ತರ ಮೂರನೆಯ ಪುರವಣಿಯಲ್ಲಿ ಎಂದು ಅಚ್ಚು ಹಾಕಿತ್ತು. ಜನ ಎದ್ದು ಹೋಗಲಿಲ್ಲ. ಮೂರನೆಯದು ಯಾವಾಗ ಬರುತ್ತದೆ ಎಂದು ಸುಂದರಣ್ಣನೇ ಮೊದಲು ಕೇಳಿದರು.

"ಇದಿನಬ್ಬ ಎಪ್ರಿಲಿಗೆ ತರ್ತಾನೆ" ಅಂದಳು ಕುಶಲಕ್ಕ. "ನೀವು ಹೇಳಿದ ಮೂರು ಪಟ್ಟು ಬಾಡಿಗೆ ಆಮೇಲಿಂದ ಕೊಡ್ತೇನೆ. ಜನ ಹೀಗೆಯೇ ಬಂದರೆ ಕೋಣೆ ನನಗೆ. ಬರದಿದ್ದರೆ ನಾನೇ ಬೀಗ ನಿಮ್ಮ ಕೈಗೆ ಕೊಡ್ತೇನೆ."

"ಆಗಬಹುದು" ಅಂದರು ಸುಂದರಣ್ಣ.

ಮೂರನೆಯ ಪುರವಣಿಗೆ ಮೆಂಬರುಗಳೇ ಸ್ವಲ್ಪ ಸ್ವಲ್ಪ ಹಾಕಿ ಹಣ ಕೂಡಿಸಿದರು, ಬಾವಾಕ ಅದನ್ನು ದುಬಾಯಿಗೆ ಮುಟ್ಟಿಸಿದರು. ಆ ಚಳಿಗಾಲ ಬೋಳಾರದಲ್ಲಿ ಬೇರೆ ಮಾತೇ ಇಲ್ಲ. ಕ್ಷೌರದ ಅಂಗಡಿಯಲ್ಲಿ ಚಂದ್ರನ ಮಾತಿಗೆ ಜಗಳವಾಗಿ ಒಬ್ಬನಿಗೆ ಅರ್ಧ ಮೀಸೆ ಹೋಯಿತು. ಅವನು ಉಳಿದ ಅರ್ಧವನ್ನು ಮೂರನೆಯ ಪುರವಣಿ ಬರುವವರೆಗೆ ತೆಗೆಯುವುದಿಲ್ಲ ಎಂದು ಹಾಗೆಯೇ ತಿರುಗಿದ.

ಎಂಬತ್ತಾರರ ಎಪ್ರಿಲಿನಲ್ಲಿ ಇದಿನಬ್ಬ ಬಂದ. ಬೆಂಗ್ರೆಯ ದೋಣಿ ಇಳಿದು ನೇರ ಲೈಬ್ರೆರಿಗೆ ಬಂದ. ಮುಖ ನೋಡಿದರೆ ಕಸ್ಟಮ್ಸಿನವರು ಬಟ್ಟೆಯನ್ನೂ ಬಿಡಲಿಲ್ಲವೇನೋ ಅನ್ನಬೇಕು. ಹಣವನ್ನು ಮೇಜಿನ ಮೇಲೆ ಇಟ್ಟ.

"ಪುಸ್ತಕ ಇಲ್ಲ ಕುಶಲಕ್ಕ. ಬರುವುದೂ ಇಲ್ಲ. ಸಿನೆಮಾ ಕಂಪೆನಿ ಲೈಸೆನ್ಸ್ ವಾಪಸ್ ತಗೊಂಡಿತು. ಮೂರನೆಯದ್ದು ಅಚ್ಚೇ ಆಗ್ಲಿಲ್ಲ. ಹಳೆಯದ್ದೆಲ್ಲ ಅಂಗಡಿಯಲ್ಲಿ ಅರ್ಧ ಕ್ರಯಕ್ಕೆ ಹಾಕಿದ್ದಾರೆ, ಯಾರೂ ಮುಟ್ಟುವುದಿಲ್ಲ."

ಬಾವಾಕ ಬೆಂಚಿನಲ್ಲಿ ಕೂತುಬಿಟ್ಟರು. "ಅಲ್ಲ, ಯಾರು ಗೆದ್ದದ್ದು ಅಂತಾದರೂ ಹೇಳ್ಬೇಕಿತ್ತಲ್ಲ ಆ ಮನುಷ್ಯರು."

"ನಮ್ಮ ಮಾತಿನ ಭಾರಕ್ಕೇ ಕಂಪೆನಿ ಮುರಿದದ್ದು" ಅಂದೆ ನಾನು.

ಕುಶಲಕ್ಕ ಹಣವನ್ನು ಡ್ರಾಯರಿಗೆ ಹಾಕಲಿಲ್ಲ, ನೋಡಲೂ ಇಲ್ಲ. ಎದ್ದು ಹೋಗಿ ಬಾಗಿಲ ಹೊರಗಿನ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಳು: ಈ ಆದಿತ್ಯವಾರ ಮೂರು ಗಂಟೆಗೆ ಮೂರನೆಯ ಪುರವಣಿ.

"ಎಂತ ಮಾರಾಯ್ತಿ ನೀನು?" ಅಂದೆ. "ಕೈಯಲ್ಲಿ ಪುಸ್ತಕ ಇಲ್ಲ."

"ಅದು ಓದುವವರಿಗೆ ಬೇಕಾದದ್ದು. ನಾವು ಮಾತಾಡುವವರು. ನೀವು ಚಕ್ರವರ್ತಿಯ ಕಡೆಯ ದೂತ ಆಗ್ತೀರಿ. ಬಿಟ್ಟುಕೊಟ್ಟು ಮಾತಾಡ್ಬೇಡಿ, ಪೂರ್ತಿ ಶಕ್ತಿ ಹಾಕಿ ಮಾತಾಡಿ. ನನ್ನನ್ನು ಪಾಪ ಅಂತ ಬಿಟ್ಟದ್ದು ಕಂಡರೆ ಜನ ಮುಂದಿನ ವಾರ ಬರ್ಲಿಕ್ಕಿಲ್ಲ."

ಆ ಆದಿತ್ಯವಾರ ಬಂದ ಜನಕ್ಕೆ ಕೋಣೆ ಸಾಲದೆ, ಜಗಲಿ ಸಾಲದೆ, ರಸ್ತೆ ಸಾಲದೆ, ಬಸ್ಸಿನವರು ದಾರಿ ಸಿಗದೆ ಎಂಜಿನ್ ಆರಿಸಿ ಪ್ಯಾಸೆಂಜರು ಸಮೇತ ಇಳಿದು ಬಂದರು. ಕಂಡಕ್ಟರ್ ಮೆಂಬರಾದದ್ದು ಅವತ್ತೇ. ಸುಂದರಣ್ಣನಿಗೆ ಮುಂದಿನ ಬೆಂಚು. ಅರ್ಧ ಮೀಸೆಯವನು ಎರಡನೆಯ ಬೆಂಚು.

ಕುಶಲಕ್ಕ ಮೇಜಿನ ಮುಂದೆ ಕೂತಳು. ಎದುರಿಗೆ ಏನೂ ಇಲ್ಲ, ಇಪ್ಪತ್ತು ಮುಖದ ಆ ದಾಳ ಒಂದು.

"ಕಂಪೆನಿಯವರ ಮೂರನೆಯ ಪುಸ್ತಕ ಬರ್ಲಿಲ್ಲ, ಬರುವುದೂ ಇಲ್ಲ" ಎಂದು ಮೊದಲೇ ಹೇಳಿದಳು. ಗುಜುಗುಜು ಎದ್ದಿತು. "ನಿಮ್ಮ ಹಣ ಇಲ್ಲಿಯೇ ಉಂಟು, ಹೋಗುವಾಗ ಕೇಳಿ ತಗೊಳ್ಳಿ. ಮೊದಲು ಕಥೆ ಕೇಳಿ. ಹಡಗುಗಳು ಸುತ್ತುಹಾಕಿವೆ. ಗುಂಡು ಹಾರಬೇಕು, ಅಷ್ಟರಲ್ಲಿ ಚಕ್ರವರ್ತಿಗೆ ಒಂದು ನೋಟೀಸು ಬಂತು. ಈ ಚಂದ್ರ ಚಕ್ರವರ್ತಿಯದ್ದೇ ಅಲ್ಲ. ಆಕಾಶದ ಆಚೆ ಬದಿಯಲ್ಲಿ ಒಬ್ಬ ಧಣಿ ಇದ್ದಾನೆ. ಚಕ್ರವರ್ತಿ ಅವನ ಚಾಲಗೇಣಿ ಒಕ್ಕಲು. ವಾಯಿದೆ ಮುಗಿಯಿತು. ಚಕ್ರವರ್ತಿ ಏಳ್ಬೇಕು, ಗಣಿಯವರೂ ಏಳ್ಬೇಕು, ಚಂದ್ರನಿಗೆ ಬೀಗ."

ಮತ್ತೆ ಬೊಬ್ಬೆ. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಗದ್ದೆ ಕಳಕೊಂಡ ಮನೆಯವರು, ಅರ್ಧ ಜನ ಪಡಕೊಂಡ ಮನೆಯವರು. ಬಾಹ್ಯಾಕಾಶ ಗೊತ್ತಿಲ್ಲದವರು ಇರಬಹುದು, ಚಾಲಗೇಣಿ ಗೊತ್ತಿಲ್ಲದವರು ಒಬ್ಬರಿಲ್ಲ. ಬೆಂಗ್ರೆಯ ಒಬ್ಬರು ಎದ್ದು ನಿಂತು, "ಯಾರ ಅಪ್ಪನದ್ದು ಚಂದ್ರ?" ಎಂದು ಕೇಳಿಯೇಬಿಟ್ಟರು.

"ಗಣಿಯವರ ಪರವಾಗಿ ದೇಯಿ ಅಂತ ಒಬ್ಬಳು ಹೆಂಗಸು ಮುಂದೆ ಬಂದಳು" ಅಂದಳು ಕುಶಲಕ್ಕ. "ಅದು ನಾನು. ಧಣಿಯ ದೂತರು ಬರ್ಲಿ."

ಚಕ್ರವರ್ತಿಯ ದೂತ ಎಂದು ಕರೆಸಿ ಧಣಿಯ ದೂತ ಮಾಡಿದ್ದಳು. ಅರ್ಥಧಾರಿ ಅದಕ್ಕೆಲ್ಲ ಹೆದರುವುದಿಲ್ಲ. ನಾನು ಗಂಟಲು ಸರಿಮಾಡಿ ಏರಿದೆ.

"ಎಲೌ ದೇಯಿ, ಈ ಚಂದ್ರನಿಗೆ ಹೆಸರಿಟ್ಟವರು ಯಾರು? ನಮ್ಮ ಧಣಿ. ಇದಕ್ಕೆ ತುಕ್ಕಿನ ಬಣ್ಣ ಬಳಿದವರು ಯಾರು? ನಮ್ಮ ಧಣಿ. ಕೋಟಿ ಸುರಿದು, ಬೆವರು ಸುರಿದು ಶೂನ್ಯದಿಂದ ಇದನ್ನು ಸೃಷ್ಟಿಸಿದ ಒಡೆಯನಿಗೆ, ಇದು ನನ್ನದು ಎನ್ನುವ ಅಧಿಕಾರ ಇಲ್ಲವೇ? ಕಂಡವರೆಲ್ಲ ಬಂದು ಕೂತರೆ ನಾಳೆ ಯಾರು ತಾನೇ ಚಂದ್ರನನ್ನು ಸೃಷ್ಟಿಸಿಯಾರು?"

ಚಪ್ಪಾಳೆ ಬಿತ್ತು. ಸುಂದರಣ್ಣನದ್ದೇ ಜೋರು.

"ಒಳ್ಳೆ ಮಾತು ದೂತರೇ" ಅಂದಳು ದೇಯಿ. "ಹೆಸರು ಅವರದ್ದು, ಒಪ್ಪಿದೆ. ಬಣ್ಣ ಅವರದ್ದು, ಕೆರೆದು ಕೊಡ್ತೇವೆ. ಆ ದವಡೆಯ ಕ್ಯಾಪ್ಟನ್ ಉಂಟಲ್ಲ, ಅವನೂ ಅವರವನೇ. ಇಲ್ಲಿಗೆ ಬಂದು ಚಾ ಬರುವ ಮೊದಲೇ ಸತ್ತ, ಕೊಂಡುಹೋಗಿ. ಮತ್ತೆ ಉಳಿದದ್ದು ಎಷ್ಟು ಅಂತ ನೋಡುವ. ಹಡಗು ನಿಲ್ಲಿಸುವ ಜಾಗಕ್ಕೆ ಒಂದು ತಿಂಗಳು ಜಗಳ ಮಾಡಿದವರು ಯಾರು? ಕಾವಲುಗಾರನ ತಾಯಿಗೆ ಕಣ್ಣೀರು ಕೊಟ್ಟವರು ಯಾರು? ಅದು ಧಣಿಯ ಯಾವ ಪುಟದಲ್ಲಿಯೂ ಇಲ್ಲ. ಈ ಮೂರು ವರ್ಷದಲ್ಲಿ ನಿಮ್ಮ ಧಣಿ ಯಾವ ಆದಿತ್ಯವಾರ ಈ ಕಡೆ ಬಂದಿದ್ದರು?"

ಈಗ ಬಿದ್ದ ಚಪ್ಪಾಳೆಗೆ ಮಾಡಿನ ಒಂದು ಹೆಂಚು ಜಾರಿತು. ನನಗೂ ಬಿಸಿ ಏರಿತು. ತಾಳಮದ್ದಳೆಯಲ್ಲಿ ಎದುರಾಳಿಯ ಪಾತ್ರವನ್ನು ಬಿಟ್ಟು ಮನುಷ್ಯನಿಗೇ ಹೊಡೆಯುವ ಒಂದು ಪಟ್ಟು ಉಂಟು. ಎಲ್ಲರೂ ಮಾಡುವುದಲ್ಲ, ಮಾಡಿದರೆ ಎದುರಿನವರು ಏಳುವುದಿಲ್ಲ. ಪೂರ್ತಿ ಶಕ್ತಿ ಹಾಕಿ ಅಂದವಳು ಅವಳೇ ತಾನೆ.

"ದೇಯಿ," ಅಂದೆ, "ನೀನು ಆಡುವ ಈ ಮಾತು ಒಕ್ಕಲಿನ ಮಾತು. ಆದರೆ ನಿನ್ನ ಮನೆಯಲ್ಲಿ ಒಬ್ಬರು ಧಣಿ ಇದ್ದರಲ್ಲ. ಟ್ರಿಬ್ಯೂನಲಿನ ಮುಂದೆ ನಿಂತು ಅವರು ಆಡಿದ ಮಾತು ಯಾವುದು? ನಾನು ಈಗ ಆಡಿದ್ದೇ ಅಲ್ಲವೇ?"

ಶಶಿಪ್ರಭಾ ಟೀಚರ್ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಸುಂದರಣ್ಣ ಬೆಂಚಿನ ತುದಿಗೆ ಬಂದಿದ್ದರು. ಕುಶಲಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಹೌದು" ಅಂದಳು. "ಅಪ್ಪ ನೀವು ಆಡಿದ ಎಲ್ಲ ಮಾತನ್ನೂ ಆಡಿದ್ದರು. ನಿಮಗಿಂತ ಚಂದ ಮಾಡಿ ಆಡಿದ್ದರು. ನಾನು ಅವರ ಹಿಂದೆಯೇ ನಿಂತಿದ್ದೆ. ಎದುರು ಬದಿಯಲ್ಲಿ ನಮ್ಮ ಒಕ್ಕಲು ಅಣ್ಣು ನಿಂತಿದ್ದ, ಅವನಿಗೆ ಮಾತೇ ಬರ್ಲಿಲ್ಲ. ಯಾವ ಗದ್ದೆಗೆ ಯಾವ ತೋಡಿನ ನೀರು ಅಂತ ಟ್ರಿಬ್ಯೂನಲಿನವರು ಕೇಳಿದರು. ಅಪ್ಪನಿಗೆ ಗೊತ್ತಿರ್ಲಿಲ್ಲ, ಅವನಿಗೆ ಗೊತ್ತಿತ್ತು. ಅಲ್ಲಿಗೆ ಮುಗಿಯಿತು. ನನಗೆ ಆ ದಿವಸ ಬೇಜಾರಾಗಿದೆ, ಇಲ್ಲ ಅನ್ನುವುದಿಲ್ಲ. ಈಗ ನಾನು ಒಂದೇ ಕೇಳುವುದು ದೂತರೇ. ಈ ಚಂದ್ರನಲ್ಲಿ ಗಣಿಯವರ ಮಕ್ಕಳು ನೀರಿಗೆ ಎಲ್ಲಿಗೆ ಹೋಗ್ತಾರೆ? ನಿಮ್ಮ ಧಣಿಗೆ ಗೊತ್ತುಂಟಾ?"

ಆ ಚಂದ್ರನಲ್ಲಿ ಒಂದು ಕೆರೆ ಉಂಟು. ಮೊದಲನೆಯ ಪುರವಣಿ ನಡೆಯುವಾಗ, ಕೆರೆ ಇಲ್ಲದ ಊರು ಊರಾ ಎಂದು ಹಟ ಹಿಡಿದು ನಾನೇ ತೋಡಿಸಿದ್ದು. ಧಣಿಯ ಪುಸ್ತಕದಲ್ಲಿ ಅದು ಇಲ್ಲ. ಮೊದಲ ಬೆಂಚಿನಿಂದ ಹೊರಗಿನ ರಸ್ತೆಯವರೆಗೆ ಅದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಕೆಲವರು ಕೈ ಎತ್ತಿ ದಿಕ್ಕು ತೋರಿಸಲಿಕ್ಕೂ ಶುರು ಮಾಡಿದರು. ಧಣಿಯ ದೂತನಿಗೆ ಮಾತ್ರ ಗೊತ್ತಿರಲಿಕ್ಕೆ ಕಾರಣವಿಲ್ಲ.

ನಾನು ಬಾಯಿ ತೆರೆದೆ. ಒಳಗೆ ಒಂದು ಶಬ್ದ ಇರಲಿಲ್ಲ. ಬಾಯಿ ಮುಚ್ಚಿದೆ. ವೀಳ್ಯದ ತುಂಡು ಸಿಕ್ಕಿಕೊಂಡಿತ್ತು ಎಂದು ಮತ್ತೆ ಹೇಳಿದ್ದುಂಟು. ಯಾರೂ ನಂಬಲಿಲ್ಲ, ನಾನು ಅವತ್ತು ವೀಳ್ಯ ಹಾಕಿರಲಿಲ್ಲ.

ಕುಶಲಕ್ಕ ದಾಳವನ್ನು ನನ್ನ ಕಡೆ ದೂಡಿದಳು. "ಒಪ್ಪದಿದ್ದರೆ ಹಾಕಿ."

"ಬೇಡ" ಅಂದೆ. "ಒಪ್ಪಿದೆ."

ಮೂರು ವರ್ಷದಲ್ಲಿ ಆ ಮೇಜಿನಲ್ಲಿ ಒಬ್ಬ ಮನುಷ್ಯ ಒಪ್ಪಿದ್ದು ಅದೇ ಮೊದಲು. ಎದ್ದ ಬೊಬ್ಬೆ ಬೆಂಗ್ರೆಗೆ ಕೇಳಿ, ಅಲ್ಲಿಯ ದೋಣಿಯವರು ಯಾರೋ ಕರೆದರೆಂದು ಎರಡು ದೋಣಿ ಖಾಲಿ ತಂದರು. ಅರ್ಧ ಮೀಸೆಯವನು ಎದ್ದು ಕ್ಷೌರದ ಅಂಗಡಿಗೆ ಓಡಿದ. ಹಣ ವಾಪಸು ಕೇಳಲು ಯಾರೂ ನಿಲ್ಲಲಿಲ್ಲ.

ಜನ ಕರಗಿದ ಮೇಲೆ ಸುಂದರಣ್ಣ ಬಾಗಿಲ ಹತ್ತಿರ ನಿಂತೇ ಇದ್ದರು. "ಕುಶಲಾ, ಒಂದು ಮಾತು. ಈ ಡಿಕ್ಲರೇಶನ್ ನನ್ನ ಕೋಣೆಯ ಮೇಲೂ ಹಾಕ್ಲಿಕ್ಕೆ ಆಗ್ತದಾ?"

"ನಿಮ್ಮ ಹೆಂಚು ಎಲ್ಲೆಲ್ಲಿ ಸೋರ್ತದೆ ಅಂತ ನಿಮಗೆ ಗೊತ್ತುಂಟಾ ಸುಂದರಣ್ಣ?"

ಸುಂದರಣ್ಣ ಮೇಲೆ ನೋಡಿದರು. "ನಾಳೆಯೇ ಆಳು ಕಳಿಸ್ತೇನೆ" ಅಂದರು. "ವಿಡಿಯೋದವರಿಗೆ ಬೇರೆ ಕಡೆ ನೋಡ್ಲಿಕ್ಕೆ ಹೇಳ್ತೇನೆ. ಮುಂದಿನ ವಾರ ಎಂತ ಉಂಟು?"

ಮುಂದಿನ ವಾರ ನಾಲ್ಕನೆಯ ಪುರವಣಿ ಶುರುವಾಯಿತು. ಕುಶಲಕ್ಕ ಬರೆಯುವುದು, ಶಶಿಪ್ರಭಾ ಟೀಚರ್ ಸ್ಟೆನ್ಸಿಲ್ ಕತ್ತರಿಸುವುದು, ಬಾವಾಕ ಸೈಕ್ಲೋಸ್ಟೈಲ್ ಮಾಡಿಸಿ ತರುವುದು. ಕ್ರಯ ಒಂದು ಮಸಾಲೆ ದೋಸೆ ಮತ್ತು ಒಂದು ಕಾಫಿಯಷ್ಟು. ಐರನ್ ಮೂನ್ ಎಂಬ ಹೆಸರನ್ನು ಆಮೇಲೆ ಅವಳು ಬಾಯಲ್ಲಿ ಕೂಡ ತರಲಿಲ್ಲ. ಕ್ಯಾಪ್ಟನ್ ಇಲ್ಲ, ತುಕ್ಕು ಇಲ್ಲ, ಕೊಟ್ಟ ಮಾತು ಮಾತು. ಹೊಸ ಚಂದ್ರ ಕೆಂಪಗೆ, ನಮ್ಮ ಬೋಳಾರದ ಕಾರ್ಖಾನೆಯ ಹೆಂಚಿನ ಬಣ್ಣ. ಹೆಸರು ‘ಹೆಂಚಿನ ಚಂದ್ರ’. ಇದಿನಬ್ಬ ದುಬಾಯಿಗೆ ಒಂದು ಕಟ್ಟು ಕೊಂಡುಹೋದ, ಮತ್ತೆ ಎರಡು ಕಟ್ಟಿಗೆ ಹೇಳಿ ಕಳಿಸಿದ. ಅಲ್ಲಿ ಕೂಲಿಗೆ ಹೋದ ನಮ್ಮವರು ಶುಕ್ರವಾರ ಕೂತು ವಾದ ಮಾಡುತ್ತಾರಂತೆ, ಶನಿವಾರ ಯಾರ ಗಂಟಲಲ್ಲೂ ಸ್ವರ ಇರುವುದಿಲ್ಲವಂತೆ.

ಒಂಬತ್ತನೆಯ ಪುರವಣಿ ಬಂದ ವಾರ, ನನಗೆ ಹಳೆಯ ಬಾಕಿ ತೀರಿಸುವ ಆಸೆಯಾಯಿತು. ಕುಶಲಕ್ಕ ಪುಸ್ತಕಕ್ಕೆ ತಾರೀಕಿನ ಮೊಹರು ಹೊಡೆಯುತ್ತ ಕೂತಿದ್ದಳು.

"ಎಲ್ಲ ಸರಿ ಕುಶಲಕ್ಕ" ಅಂದೆ. "ಅಮೆರಿಕದ ಆ ಧಣಿಗೆ ಒಂದು ದಿವಸ ಸುದ್ದಿ ಮುಟ್ಟಿ, ದೊಡ್ಡ ಲಾಯರನ್ನು ಕರಕೊಂಡು ಈ ಬಾಗಿಲಿಗೇ ಬಂದರೆ ಎಂತ ಮಾಡ್ತಿ?"

ಅವಳು ಮೊಹರು ಕೆಳಗಿಡಲೂ ಇಲ್ಲ.

"ಬರ್ಲಿ. ಆದಿತ್ಯವಾರ ಮೂರು ಗಂಟೆಗೆ ಬರ್ಲಿಕ್ಕೆ ಹೇಳಿ. ಮೆಂಬರಾಗದೆ ಕೂರ್ಲಿಕ್ಕೆ ಬಿಡುವುದಿಲ್ಲ, ಲಾಯರಿಗೆ ಬೇರೆಯೇ ಚಂದಾ ಕಟ್ಬೇಕು."